ಎರಡು ಆ್ಯಂಟೆನಾ, ಒಬ್ಬ ಅಳಿಯ

"ಬಂತೇನ್ರೀ?"

"ಬಂತ್ರೀ! ಭಾಳ ಛಲೋ ಬಂತು! ಇಳೀರಿನ್ನ, ಚಾ ಆರಾಕ ಹತ್ತೇತಿ!"

ಇಳಿದೆ. ಮಾಳಿಗೆ ಮೆಟ್ಟಿಲ ಬದಿಯ ಮೊಳೆಗೆ ಪ್ಯಾಂಟು ಸಿಕ್ಕಿ ಚರ್ರೆಂದಿತು. ಇರಲಿ, ಟಿವಿ ಬಂತಲ್ಲ ಎಂಬ ಖುಷಿಯಲ್ಲಿ ಪಡಸಾಲೆಗೆ ಹೋಗಿ ನೋಡಿದರೆ ಪರದೆಯ ತುಂಬ ಇರುವೆಗಳ ಮೆರವಣಿಗೆ. ಮನುಷ್ಯಪ್ರಾಣಿಯ ಸುಳಿವೇ ಇಲ್ಲ. ಸೌಂಡ್ ಮಾತ್ರ ಒಗ್ಗರಣೆ ಸಿಡಿದ ಹಾಗೆ ಚಟಪಟ.

"ಅತ್ತಿ, ಎಲ್ಲಿ ಬಂದೈತ್ರೀ?"

"ಆಗ ಬಂದಿತ್ತ ನೋಡ್ರೀ. ನೀವು ಇಳಿಯೂದ್ರಾಗ ಹೋತು."

ಮತ್ತೆ ಹತ್ತಿದೆ. ಮತ್ತೆ ತಿರುಗಿಸಿದೆ. ಮತ್ತೆ 'ಬಂತ್ರೀ'. ಮತ್ತೆ ಇಳಿದೆ. ಮತ್ತೆ ಇರುವೆ. ಖಾನಾಪುರದ ಆ ಓಣಿಯಲ್ಲಿ ಅಂದು ಅಷ್ಟು ಸಲ ಮೇಲೆ-ಕೆಳಗೆ ಓಡಾಡಿದ್ದು ನಾನು ಮತ್ತು ಮಂಗಗಳು ಮಾತ್ರ. ಮಂಗಗಳು ನನ್ನಷ್ಟು ಸುಸ್ತಾಗಿರಲಿಲ್ಲ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಬೆಳಗಾವಿಯ ಟಿವಿ ರಿಲೇ ಕೇಂದ್ರ ಆಗ ಇನ್ನೂ ಉಸಿರಾಡುತ್ತಿತ್ತು. ಮಾಳಿಗೆ ಮೇಲೊಂದು ಆ್ಯಂಟೆನಾ ಇದ್ದರೆ ಸರ್ಕಾರಿ ಚಾನೆಲ್ಲು ಪುಕ್ಕಟೆ ಬರುತ್ತಿತ್ತು. (ಈಗಿನ ಮಕ್ಕಳಿಗೆ ಆ್ಯಂಟೆನಾ ತೋರಿಸಿದರೆ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಅಂದುಕೊಳ್ಳುತ್ತಾರೆ. ನಮ್ಮ ಅತ್ತೆ ಖರೇನೇ ಅದರ ಮೇಲೆ ಸಂಡಿಗೆ ಬಟ್ಟೆ ಒಣಹಾಕುತ್ತಿದ್ದರು ಅನ್ನುವುದು ಬೇರೆ ವಿಷಯ.)

ಅಂದು ನನ್ನನ್ನು ಮಾಳಿಗೆ ಹತ್ತಿಸಿದವಳು ನನ್ನ ಹೆಂಡತಿ ಮಹಾದೇವಿ. ಬೆಳಗಾವಿಯಲ್ಲಿ ಸಾಲಿ ಟೀಚರ್. ಬೆಳಿಗ್ಗೆಯೇ ಫೋನ್ ಹಿಡಿದುಕೊಂಡು ಬಂದಳು.

"ಇವತ್ತ ಸಂಜೀಕ ಅವ್ವ ಟಿವಿಯಾಗ ಬರಾಕ ಹತ್ಯಾಳ. ಆದ್ರ ಮನ್ಯಾಗ ಟಿವೀನ ಹತ್ತೂದಿಲ್ಲಂತ. ನಂದು ಪರೀಕ್ಷಾ ಡ್ಯೂಟಿ ಐತಿ. ನೀವ ಹೋಗ್ರಿ."

ಅತ್ತೆ ಟಿವಿಯಲ್ಲಿ! ಅವರು ಓಣಿಯ ಹೆಂಗಸರ ಜೊತೆ ಬೀಸುವ ಪದ ಹಾಡುತ್ತಿದ್ದರು. ಟಿವಿಯವರು ಬೆಳಗಾವಿಗೆ ವ್ಯಾನ್ ತಂದು ಆ ತಂಡದ ಹಾಡು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅದು ಅಂದು ಸಂಜೆ ಆರಕ್ಕೆ ಪ್ರಸಾರ. ಒಂದೇ ಸಲ. ಮೊಬೈಲಿನಲ್ಲಿ ಆಮೇಲೆ ನೋಡಿದರಾಯಿತು ಅನ್ನುವ ಕಾಲವೂ ಅದಲ್ಲ, ಖಾನಾಪುರದ ಆ ಓಣಿಯಲ್ಲಿ ಅಂಥ ನೆಟ್‌ವರ್ಕೂ ಇರಲಿಲ್ಲ.

ಮಜಾ ಏನೆಂದರೆ, ಆ ಮನೆಯ ಕೇಬಲ್ ವೈರ್ ದೀಪಾವಳಿಯ ಹೊತ್ತಿಗೇ ಮರದ ಟೊಂಗೆ ಬಿದ್ದು ಹರಿದಿತ್ತು. ತಿಂಗಳುಗಟ್ಟಲೆ ಟಿವಿ ಸತ್ತು ಬಿದ್ದಿದೆ. ನಾವು ಫೋನಿನಲ್ಲಿ ಕೇಳಿದಾಗಲೆಲ್ಲ ಅತ್ತೆಯದು ಒಂದೇ ಉತ್ತರ: "ಎಲ್ಲಾ ಛಲೋ ಐತ್ರಿ." ನಿಜ ಹೊರಬಿದ್ದದ್ದು ಪಕ್ಕದ ಮನೆಯ ಶೇವಂತಾ ಮಾವಶಿ ಅಂದು ಬೆಳಿಗ್ಗೆ ಮಹಾದೇವಿಗೆ ಫೋನ್ ಮಾಡಿದಾಗ. ಮಾವಶಿ ಮನೆಮಾತು ಮರಾಠಿ. ಬಾಯಿ ಯಾವ ಭಾಷೆಯಲ್ಲೂ ಬಂದಾಗುವುದಿಲ್ಲ.

"ಹಂಗಾರ ಮಾವಶಿ ಮನ್ಯಾಗ ನೋಡಿದ್ರಾತಲ್ಲ?" ಅಂದೆ.

"ಅವರ ಸೊಸಿ ಆರಕ್ಕ ಮರಾಠಿ ಸೀರಿಯಲ್ ಹಾಕ್ತಾಳ. ಬಿಡಸಾಕ ಅವ್ವ ಒಲ್ಲೆ ಅಂತಾಳ. ಮಂದಿ ಮನಿಗೆ ಹೋಗಿ, ಬರ್ರಿ, ನನ್ನ ಮಾರಿ ನೋಡ್ರಿ ಅನ್ನೂದೇನು ಅಂತ ನನಗ ಬೈದ್ಲು."

ಬೈಕು ಹತ್ತಿದೆ. ದೇಸೂರ ದಾಟುವವರೆಗೂ ನನ್ನ ಆತ್ಮವಿಶ್ವಾಸ ಗಟ್ಟಿಯಾಗಿತ್ತು. ಪಿಯುಸಿ ಸೈನ್ಸ್ ಓದಿದವನಿಗೆ ಆ್ಯಂಟೆನಾ ಒಂದು ವಿಷಯವೇ?

ಅದು ವಿಷಯವೇ ಎಂದು ಗೊತ್ತಾಗಿದ್ದು ಮಧ್ಯಾಹ್ನ. ಖಾನಾಪುರಕ್ಕೆ ಬೆಳಗಾವಿಯ ಸಿಗ್ನಲ್ ಮೊದಲೇ ಸೊರಗಿ ಬರುತ್ತದೆ. ನಡುವೆ ದಿಬ್ಬ, ಮರ, ಹೊಸದಾಗಿ ಎದ್ದ ಯಾರದೋ ಮೂರು ಅಂತಸ್ತಿನ ಮನೆ. ಅತ್ತೆಯ ಹಳೆಯ ಆ್ಯಂಟೆನಾದ ಕಡ್ಡಿಗಳಲ್ಲಿ ಅರ್ಧ ಮಂಗಗಳ ಪಾಲಾಗಿದ್ದವು. ಎಷ್ಟು ತಿರುಗಿಸಿದರೂ ಅಷ್ಟೇ.

ಆಗ ಪಕ್ಕದ ಮಾಳಿಗೆಯ ಗೋಡೆಯ ಮೇಲಿಂದ ಶೇವಂತಾ ಮಾವಶಿಯ ತಲೆ ಮೇಲೆದ್ದಿತು.

"ಜಾವಯಿಬಾಪು, ಆಮಚಾ ಆ್ಯಂಟೆನಾ ಸುಮ್ನ ನಿಂತೈತಿ. ತಗೋರಿ. ಎರಡೂ ಜೋಡಸ್ರಿ!"

ಜಾವಯಿಬಾಪು ಅಂದರೆ ಮರಾಠಿಯಲ್ಲಿ ಅಳಿಯಂದಿರು. ಮಾವಶಿ ಮನೆಗೆ ಡಿಶ್ ಹಾಕಿಸಿಕೊಂಡ ಮೇಲೆ ಅವರ ಆ್ಯಂಟೆನಾ ನಿವೃತ್ತಿಯಲ್ಲಿತ್ತು. ನನಗೆ ರೋಮಾಂಚನ. ಒಂದು ಎತ್ತು ಎಳೆಯದ ಗಾಡಿಗೆ ಇನ್ನೊಂದು ಎತ್ತು ಕಟ್ಟಿದರೆ ಮುಗಿಯಿತಲ್ಲ! ಅದನ್ನು ಕೊಳವೆ ಸಮೇತ ನಮ್ಮ ಮಾಳಿಗೆಗೆ ದಾಟಿಸಿಕೊಂಡು ನಮ್ಮ ಆ್ಯಂಟೆನಾದ ಕೊಳವೆಗೇ ಕಟ್ಟಿದೆ. ಎರಡರ ವೈರನ್ನೂ ಸುಲಿದು, ಹೆರಳು ಹೆಣೆದ ಹಾಗೆ ಹೆಣೆದು, ಕರಿ ಟೇಪ್ ಸುತ್ತಿದೆ.

"ಈಗ ಬಂತೇನ್ರೀ?"

"ಮೊದಲಿಗಿಂತ ಛಲೋ ಬಂತ್ರೀ! ಇಳೀರಿ!"

ಇಳಿದೆ. ಈ ಸಲ ಖರೇನೇ ಬಂದಿತ್ತು! ಏನು ಬಂದಿತ್ತು ಎನ್ನುವುದಷ್ಟೇ ಪ್ರಶ್ನೆ. ಒಬ್ಬ ಕೃಷಿ ತಜ್ಞರು ಮೆಣಸಿನಕಾಯಿ ರೋಗದ ಬಗ್ಗೆ ಮಾತಾಡುತ್ತಿದ್ದರು. ಅವರ ಬಾಜು ಅವರದೇ ಪ್ರೇತ ಕೂತಿತ್ತು. ತಜ್ಞರು ಕೈ ಎತ್ತಿದರೆ ಪ್ರೇತವೂ ಎತ್ತುತ್ತಿತ್ತು. ಎರಡೂ ಸೇರಿ ಬೂದಿ ಬಣ್ಣದ ಒಂದು ರಾಶಿ. ಅತ್ತೆಯ ತಂಡದಲ್ಲಿ ಒಂಬತ್ತು ಹೆಂಗಸರು. ಈ ಲೆಕ್ಕದಲ್ಲಿ ಸಂಜೆ ಹದಿನೆಂಟು ಬಂದು ಕೂತರೆ ಯಾರ ಅವ್ವ ಯಾರೆಂದು ಗುರುತು ಹಿಡಿಯುವುದು?

ಪಿಯುಸಿ ಸೈನ್ಸ್ ಇಲ್ಲಿಗೆ ಮುಗಿಯಿತು. ಮಾಳಿಗೆಯ ಮೂಲೆಯಲ್ಲಿ, ನೀರಿನ ಟಾಕಿಯ ಮೇಲೆ ನಿಂತರೆ ಮಾತ್ರ ಮೊಬೈಲಿಗೆ ಒಂದು ಕಡ್ಡಿ ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲಿಂದಲೇ ಬೆಳಗಾವಿ ಕ್ಯಾಂಪ್‌ನಲ್ಲಿರುವ ಗೆಳೆಯ ಅನ್ವರನಿಗೆ ಫೋನ್ ಹಚ್ಚಿದೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಕೇಳಿ ಬಿದ್ದು ಬಿದ್ದು ನಕ್ಕ.

"ಲೇ, ಒಂದ ಸಿಗ್ನಲ್ ಎರಡ ದಾರಿಲೆ ಬರಾಕ ಹತ್ತೇತಿ. ಒಂದ್ರ ವೈರ್ ಗಿಡ್ಡ, ಇನ್ನೊಂದ್ರದು ಉದ್ದ. ಒಂದು ಮೊದಲ ಮುಟ್ಟತೈತಿ, ಇನ್ನೊಂದು ತಡಾ ಆಗಿ ಬಂದು ಅದನ್ನ ಹಾಳ ಮಾಡತೈತಿ. ಎರಡೂ ವೈರ್ ಸಮ ಮಾಡು. ಎರಡೂ ಆ್ಯಂಟೆನಾ ಮಾರಿ ಬೆಳಗಾವಿ ಕಡೆ ಮಾಡು. ಹೆರಳು ಹಾಕಬ್ಯಾಡ. ಕೇಬಲ್‌ನವರು ಒಂದು ವೈರ್ ಎರಡು ಮಾಡಾಕ ಒಂದು ಡಬ್ಬಿ ಹಾಕ್ತಾರಲ್ಲ, ಅದನ್ನ ತಂದು ಉಲ್ಟಾ ಹಚ್ಚು."

ಅಂದರೆ ಗಂಡ-ಹೆಂಡತಿ ಇಬ್ಬರೂ ಒಂದೇ ಕಥೆ ಹೇಳಲು ಹೊರಟು, ಒಬ್ಬರು ಅರ್ಧ ವಾಕ್ಯ ಹಿಂದೆ ಬಿದ್ದಾಗ ಕೇಳುವವನಿಗೆ ಆಗುವ ಸ್ಥಿತಿ. ನನಗೆ ಪೂರ್ತಿ ಅರ್ಥವಾಯಿತು. (ಮದುವೆಯಾದ ಯಾರಿಗಾದರೂ ಅರ್ಥವಾಗುತ್ತದೆ.)

"ಹಚ್ಚಿದ ಮ್ಯಾಲೆ ಸ್ವಲ್ಪ ಸ್ವಲ್ಪ ತಿರುವಿ ಕೆಳಗ ಕೇಳ್ಕೋತ ಹೋಗು," ಅಂದ. "ಕೆಳಗ ಯಾರದಾರ?"

"ನಮ್ಮತ್ತಿ."

"ಹಂಗಾರ ಕಷ್ಟ ಐತಿ ಬಿಡು."

ಅವನಿಗೂ ಒಬ್ಬ ಅತ್ತೆ ಇದ್ದಾರೆ. ಅವನು ಅದನ್ನೇಕೆ ಅಂದ ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಬಜಾರಕ್ಕೆ ಹೋಗಿ ಡಬ್ಬಿ ತಂದೆ. ಮಾವಶಿಯ ಆ್ಯಂಟೆನಾ ಗೋವಾ ಕಡೆ ಮುಖ ಮಾಡಿತ್ತು, ಅದನ್ನು ಬೆಳಗಾವಿಗೆ ತಿರುಗಿಸಿದೆ. ಎರಡೂ ವೈರನ್ನು ಮಾಳಿಗೆಯ ಮೇಲೆ ಅಕ್ಕಪಕ್ಕ ಹಾಸಿ, ಮೊಳ ಹಾಕಿ ಅಳೆದು, ಸಮ ಕತ್ತರಿಸಿದೆ. ಡಬ್ಬಿ ಹಚ್ಚಿದೆ. ಆಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. ಕೊಳವೆಯನ್ನು ಒಂದು ಕೂದಲೆಳೆ ಎಡಕ್ಕೆ.

"ಈಗ?"

"ಛಲೋ ಬಂತ್ರೀ!"

ಒಂದು ಕೂದಲೆಳೆ ಬಲಕ್ಕೆ. "ಈಗ?"

"ಇನ್ನೂ ಛಲೋ ಬಂತ್ರೀ!"

ಪೂರ್ತಿ ಉಲ್ಟಾ, ಬೇಕಂತಲೇ ಲೋಂಡಾ ಕಡೆ. "ಈಗ?"

"ಭಾಳ ಛಲೋ ಬಂತ್ರೀ! ಇಳೀರಿ, ಹೋಳಿಗಿ ಬಿಸಿ ಅದಾವು!"

ನನಗೆ ಅನುಮಾನ ಬಂತು. ಸದ್ದು ಮಾಡದೆ ಮೆಟ್ಟಿಲಿಳಿದೆ. ಅರ್ಧ ದಾರಿಯಲ್ಲಿ ನಿಂತು, ಮೇಲಿನಿಂದಲೇ ಕೂಗಿದ ಹಾಗೆ ಬಾಯಿಗೆ ಕೈ ಹಿಡಿದು, "ಈಗ ಬಂತೇನ್ರೀ?" ಅಂದೆ. ಅಡಿಗೆಮನೆಯ ಕಿಟಕಿ ಅಲ್ಲೇ ಇತ್ತು. ಒಳಗೆ ಅತ್ತೆ ಒಲೆಯ ಮುಂದೆ ನಿಂತು ಹೋಳಿಗೆ ತಿರುವಿ ಹಾಕುತ್ತಿದ್ದರು. ತಲೆ ಕೂಡ ಎತ್ತಲಿಲ್ಲ.

"ಬಂತ್ರೀ! ಕನ್ನಡಿ ಬಂದಂಗ ಬಂತು!"

ಪಡಸಾಲೆಗೆ ಹೋದೆ. ಟಿವಿ ಕಪ್ಪಗಿತ್ತು. ಫ್ಯಾನ್ ನಿಂತಿತ್ತು. ಬಲ್ಬ್ ಹಾಕಿ ನೋಡಿದೆ, ಹತ್ತಲಿಲ್ಲ.

ಕರೆಂಟೇ ಇರಲಿಲ್ಲ!

ನನಗೆ ಸಿಟ್ಟು ಬಂತು. ಅಳಿಯತನ, ಮರ್ಯಾದೆ ಎಲ್ಲ ಒಂದು ಕ್ಷಣ ಪಕ್ಕಕ್ಕಿಟ್ಟು ಅಡಿಗೆಮನೆಗೆ ನುಗ್ಗಿದೆ.

"ಅತ್ತಿ, ಏನಿದು? ನಾ ಮ್ಯಾಲೆ ಬಿಸಲಾಗ ಯಾರ ಸಲುವಾಗಿ ಒದ್ದಾಡಾಕ ಹತ್ತೀನ್ರೀ?"

ಅತ್ತೆ ಗಾಬರಿಯಾಗಿ ಸೌಟು ಕೆಳಗಿಟ್ಟರು. "ಅದಕ್ಕ ಅಂದ್ನಿರೀ ಬಂತು ಅಂತ. ಅಳಿಯಂದ್ರು ಮಾಳಿಗಿ ಮ್ಯಾಲೆ ಬಿಸಲಾಗ ನಿಂತಾರ, ಓಣ್ಯಾಗಿನ ಮಂದಿ ನೋಡಿ ಏನಂದಾರು? ಇವ್ರ ಮನ್ಯಾಗ ಅಳಿಯನ್ನ ಹೆಂಗ ದುಡಸ್ತಾರ ನೋಡು ಅನ್ನೂದಿಲ್ಲೇನು? ನಾ ಟಿವಿ ನೋಡ್ಕೋತ ಕುಂತ್ರ ನಿಮಗ ಹೋಳಿಗಿ ಯಾರು ಮಾಡಾವ್ರು?"

"ನಿಮ್ಮ ಹಾಡು?"

"ನಂದೇನೈತ್ರಿ, ಹಿಂದಿನ ಸಾಲಿನ್ಯಾಗ ಕುಂತೀನಿ. ಬಂದ್ರ ಬಂತು, ಬಿಟ್ರ ಬಿಡ್ತು. ನನ್ನ ಮಾರಿ ನಾ ದಿನಾ ಕನ್ನಡಿಯಾಗ ನೋಡೂದಿಲ್ಲೇನು?"

ಹೌದಲ್ಲ ಅಂದುಕೊಂಡೆ. ಆಮೇಲೆ ಪಡಸಾಲೆಗೆ ಮರಳಿ ಆ ಟಿವಿಯನ್ನು ಸರಿಯಾಗಿ ನೋಡಿದೆ. ಅದನ್ನು ಒರೆಸಿ ಫಳಫಳ ಮಾಡಿದ್ದರು. ಕೆಳಗೆ ಹೊಸ ಕಸೂತಿ ಬಟ್ಟೆ. ತಲೆಯ ಮೇಲೆ ಒಂದು ಮೊಳ ಅಬ್ಬಲಿಗೆ ಹೂವು. ಅತ್ತೆ ಉಟ್ಟಿದ್ದು ನೀಲಿ ಇಳಕಲ್ ಸೀರೆ, ರೆಕಾರ್ಡಿಂಗಿಗೆ ಅದನ್ನೇ ಉಟ್ಟುಕೊಂಡು ಹೋಗಿದ್ದರೆಂದು ಮಹಾದೇವಿ ಹೇಳಿದ್ದಳು. ಹೋಳಿಗೆ ಮಾಡಲು ಯಾರಾದರೂ ಇಳಕಲ್ ಸೀರೆ ಉಡುತ್ತಾರೆಯೇ? ಅಂದು ಸಾಂಬ್ರಾದಲ್ಲಿ ಅವರ ಅಣ್ಣನ ಮೊಮ್ಮಗಳ ಮದುವೆ. ಮಾವ ಒಬ್ಬರೇ ಹೋಗಿದ್ದರು. ಅತ್ತೆಗೆ ಮೊಣಕಾಲು ನೋವಂತೆ. ಬೆಳಿಗ್ಗೆಯಿಂದ ಅಡಿಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದ ಆ ಮೊಣಕಾಲುಗಳನ್ನು ನಾನು ನೋಡಿದ್ದೆ. ಯಾವ ನೋವೂ ಇರಲಿಲ್ಲ.

ಸಿಟ್ಟೆಲ್ಲ ಇಳಿದುಹೋಯಿತು. ಮದುವೆ ಬಿಟ್ಟು, ಟಿವಿಗೆ ಹೂ ಮುಡಿಸಿ, ಸೀರೆ ಉಟ್ಟು ಕಾಯುತ್ತಿರುವ ಹೆಂಗಸು ಅಳಿಯನಿಗೆ ತ್ರಾಸಾಗಬಾರದೆಂದು ತನ್ನ ಕಾರ್ಯಕ್ರಮವನ್ನೇ 'ಬಂತು' ಎಂದು ಕೈಬಿಡಲು ತಯಾರಾಗಿದ್ದಾಳೆ. ಈ ಮರ್ಯಾದೆಗೆ ಏನೆನ್ನಬೇಕು?

ಯೋಚಿಸಿ ನೋಡಿ. ಎಷ್ಟೊಂದು ಮನೆಗಳಲ್ಲಿ ಕೆಳಗಿನಿಂದ ಬರುವ ಉತ್ತರ ಇಂಥದ್ದೇ ಅಲ್ಲವೇ? ಊಟ ಆಯಿತಾ ಅಂದರೆ ಆಯಿತು. ನೋವು ಕಡಿಮೆಯಾಯಿತಾ ಅಂದರೆ ಆಯಿತು. ಬಂದ ಬೀಗರಿಗೆ ಚಹಾದಲ್ಲಿ ಸಕ್ಕರೆ ಬಿದ್ದಿಲ್ಲ, ಆದರೂ 'ಮಸ್ತ್ ಆಗೇದ್ರಿ'. ಆಫೀಸಿನ ಮೀಟಿಂಗಿನಲ್ಲಿ 'ಅರ್ಥ ಆಯಿತು ಸರ್'. ಮೇಲಿರುವವನು ಪಾಪ, ಅದನ್ನು ನಂಬಿ ಕೊಳವೆ ತಿರುಗಿಸುತ್ತಲೇ ಇರುತ್ತಾನೆ.

ತತ್ವಜ್ಞಾನ ಸಾಕು. ಗಡಿಯಾರ ಐದು ದಾಟಿತ್ತು. ನನಗೆ ಬೇಕಾಗಿದ್ದದ್ದು ಆ್ಯಂಟೆನಾ ಅಲ್ಲ, ಟಿವಿ ಮುಂದೆ ಕೂತು ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವ ಒಬ್ಬ ಮನುಷ್ಯ. ಗೋಡೆ ಹತ್ತಿರ ಹೋಗಿ ಕೂಗಿದೆ.

"ಮಾವಶಿ! ಸ್ವಲ್ಪ ಬರ್ರಿ!"

ಶೇವಂತಾ ಮಾವಶಿ ಬಂದರು. ಟಿವಿ ಎದುರು ಚಕ್ಕಳಬಕ್ಕಳ ಹಾಕಿ ಕೂತರು. ಐದೂವರೆಗೆ ಕರೆಂಟೂ ಬಂತು. ನಾನು ಮೇಲೆ.

"ಮಾವಶಿ, ಹೆಂಗೈತ್ರೀ?"

"ನಾಹೀ! ಕಾಯಬೀ ದಿಸತ ನಾಹೀ! ಏನೂ ಕಾಣವಲ್ದು, ಬರೇ ರಂಗೋಲಿ ಪುಡಿ!"

ಆಹಾ! ಎಂಥ ಸುಖ! ಬೆಳಿಗ್ಗೆಯಿಂದ ಕೇಳಿದ ಮೊದಲ ನಿಜ. ಎಡಕ್ಕೆ ತಿರುಗಿಸಿದೆ.

"ಮನಷ್ಯಾ ಬಂದ! ತಲಿ ಇಲ್ಲ!"

ಇನ್ನೂ ಸ್ವಲ್ಪ.

"ತಲಿ ಬಂತು! ಎರಡ ತಲಿ! ಜಾವಯಿಬಾಪು, ಏನ ಮಾಡಾಕ ಹತ್ತೀರಿ, ನಿದ್ದಿ ಬಂತೇನು?"

ಒಳಗಿನಿಂದ ಅತ್ತೆಯ ದನಿ: "ಶೇವಂತಾ, ಅಳಿಯಂದ್ರಿಗೆ ಹಂಗ ಅನಬಾರ್ದವಾ!"

"ಅನ್ನಬೇಕು! ಅನ್ನದಿದ್ರ ತಲಿ ಎರಡ ಇರ್ತಾವು!"

ಎರಡನೇ ಆ್ಯಂಟೆನಾವನ್ನು ಮೊದಲನೆಯದಕ್ಕೆ ಸರಿಸಮ ಎತ್ತರಕ್ಕೆ ಏರಿಸಿದೆ. ಎರಡನ್ನೂ ಒಟ್ಟಿಗೆ, ಒಂದೇ ದಿಕ್ಕಿಗೆ, ಉಸಿರು ಹಿಡಿದು ತಿರುಗಿಸಿದೆ. ಕೆಳಗೆ ಒಮ್ಮೆಲೇ ಬೊಬ್ಬೆ.

"ಥಾಂಬಾ! ಬಸ್! ಹಲೂ ನಕಾ! ಅಳ್ಳಾಡಬ್ಯಾಡ್ರಿ! ಒಂದ ತಲಿ, ಎರಡ ಕಣ್ಣು, ಕುಂಕುಮಾ ಸೈತ ಕಾಣಸ್ತೈತಿ!"

ಅಳ್ಳಾಡಬೇಡಿ ಅಂದರೆ? ಕೈ ಬಿಟ್ಟೆ. "ಹೋತು!" ಹಿಡಿದೆ. "ಬಂತು!" ಹಳೆಯ ಕ್ಲಾಂಪು ತುಕ್ಕು ತಿಂದು ಸಡಿಲವಾಗಿತ್ತು. ಎರಡು ಆ್ಯಂಟೆನಾಗಳ ಭಾರಕ್ಕೆ ಕೊಳವೆ ವಾಲುತ್ತಿತ್ತು. ಹೊಸ ಕ್ಲಾಂಪು ತರಲು ಬಜಾರಕ್ಕೆ ಓಡುವಷ್ಟು ಹೊತ್ತು ಉಳಿದಿರಲಿಲ್ಲ. ಹೀಗಾಗಿ ಕ್ಲಾಂಪಿನ ಹುದ್ದೆ ನನಗೆ ಬಂತು. ಎರಡೂ ಕೈಯಲ್ಲಿ ಕೊಳವೆ ತಬ್ಬಿಕೊಂಡು, ಸಂಡಿಗೆ ಬಟ್ಟೆಗಳ ನಡುವೆ ನಿಂತೆ.

ಆರು ಹೊಡೆಯಿತು. ಕೆಳಗೆ ಹೆಂಗಸರ ಗುಜುಗುಜು ಕೇಳಿಸಿತು, ಮಾವಶಿ ಓಣಿಯನ್ನೇ ಕರೆದಿದ್ದರು. ಮರಾಠಿ ಸೀರಿಯಲ್ ಬಿಟ್ಟು ಅವರ ಸೊಸೆಯೂ ಬಂದಿದ್ದಳು! ಟಿವಿಯಲ್ಲಿ ಬೀಸುವ ಪದ ಶುರುವಾಯಿತು. ಮೆಟ್ಟಿಲ ಬಾಯಿಯಿಂದ ನನಗೆ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಹತ್ತು ವರ್ಷ ಆ ಮನೆಯ ಹೋಳಿಗೆ ತಿಂದಿದ್ದೇನೆ, ಅತ್ತೆ ಹಾಡಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಅಳಿಯಂದಿರ ಮುಂದೆ ಹಾಡಬಾರದಂತೆ.

ಅಷ್ಟರಲ್ಲಿ ಒಂದು ಮಂಗ ಟಾಕಿಯ ಮೇಲೆ ಬಂದು ಕೂತಿತು. ನಾನು ಕಾಲೆತ್ತಿ ಅದನ್ನು ಹೆದರಿಸಲು ಹೋದೆ. ಕೊಳವೆ ಒಂದಿಷ್ಟು ಸರಿಯಿತು.

ಕೆಳಗಿನಿಂದ ಒಂದು ಕೂಗು ಬಂತು. ಮಾವಶಿಯದಲ್ಲ.

"ಹೋತು! ಹಿಂದಿನ ಸಾಲ ತೋರಸಾಕ ಹತ್ಯಾರ! ನಾ ಕಾಣವಲ್ಲೆ! ಎಡಕ್ಕ ತಿರುವೋ! ಗಟ್ಟಿ ಹಿಡೀಯೋ ಅಂದ್ರ!"

ಅತ್ತೆ! 'ರೀ' ಇಲ್ಲ, 'ಅಳಿಯಂದ್ರ' ಇಲ್ಲ. ಓಣಿಯ ಅಷ್ಟೂ ಹೆಂಗಸರ ಎದುರು, ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಗದರಿದ ಹಾಗೆ. ಮಂಗ ಓಡಿಹೋಯಿತು. ನಾನು ಕೊಳವೆಯನ್ನು ಎಡಕ್ಕೆ ತಿರುಗಿಸಿ ಎದೆಗೆ ಒತ್ತಿ ಹಿಡಿದೆ.

"ಬಂತು!" ಅಂದರು ಅತ್ತೆ. ಇಡೀ ದಿನದಲ್ಲಿ ಅವರು ಟಿವಿ ನೋಡಿ ಹೇಳಿದ 'ಬಂತು' ಅದೊಂದೇ. ಸುಳ್ಳಲ್ಲ ಹೇಳುವುದು, ನನ್ನ ಕಣ್ಣಲ್ಲಿ ನೀರು ಬಂತು. (ಬಿಸಿಲಿಗಲ್ಲ. ಬಿಸಿಲು ಆಗಲೇ ಇಳಿದಿತ್ತು.)

ಹಾಡು ಮುಗಿದ ಮೇಲೆ ಅತ್ತೆ ತಾವೇ ಹೋಳಿಗೆ ತಟ್ಟೆ ಹಿಡಿದು ಮಾಳಿಗೆಗೆ ಬಂದರು. ಮುಖ ಎತ್ತಿ ನೋಡಲೊಲ್ಲರು. 'ರೀ' ಮರಳಿ ಬಂದಿತ್ತು.

"ಬಾಯಿ ತಪ್ಪಿ ಏನೇನೋ ಅಂದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಕೈ ಭಾಳ ನೋಯಾಕ ಹತ್ಯಾವೇನ್ರೀ?"

"ಏನೂ ಇಲ್ರೀ ಅತ್ತಿ, ಆರಾಮ ಅದಾವು," ಅಂದೆ. ಬೆರಳು ಮಡಚಲು ಬರುತ್ತಿರಲಿಲ್ಲ.

ಮಹಾದೇವಿಗೆ ಸುದ್ದಿ ಮುಟ್ಟಿಸಬೇಕಿತ್ತು. ಟಾಕಿ ಹತ್ತಿ ಫೋನ್ ಹಚ್ಚಿದೆ. "ಅವ್ವ ಹೆಂಗ ಕಾಣಸಿದ್ಲರೀ?"

ನಾನು ನೋಡಿದ್ದು ಒಂದು ಟಾಕಿ, ಒಂದು ಮಂಗ, ಒಂದಿಷ್ಟು ಸಂಡಿಗೆ. "ಭಾಳ ಛಲೋ ಕಾಣಸಿದ್ರು," ಅಂದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಈ ರೋಗ ಎಷ್ಟು ಬೇಗ ಹಬ್ಬುತ್ತದೆ ನೋಡಿ!

ಈಗ ರಿಲೇ ಕೇಂದ್ರವಿಲ್ಲ. ಎರಡೂ ಆ್ಯಂಟೆನಾ ಮಾತ್ರ ಅತ್ತೆಯ ಮಾಳಿಗೆಯ ಮೇಲೆ ಇನ್ನೂ ಬೆಳಗಾವಿ ಕಡೆ ಮುಖ ಮಾಡಿಕೊಂಡು ನಿಂತಿವೆ. ಸಂಡಿಗೆ ಬಟ್ಟೆಗೆ ಎರಡಿದ್ದರೆ ಅನುಕೂಲವಂತೆ. ಮೊನ್ನೆ ಅತ್ತೆ ಫೋನ್ ಮಾಡಿದ್ದರು. ದನಿ ಸ್ವಲ್ಪ ಸೋತಿತ್ತು. ಆರೋಗ್ಯ ಹೇಗಿದೆ ಅಂದೆ. "ಎಲ್ಲಾ ಛಲೋ ಐತ್ರಿ ಅಳಿಯಂದ್ರ, ನೀವೇನ ಕಾಳಜಿ ಮಾಡಬ್ಯಾಡ್ರಿ," ಅಂದರು.

ನಾನು ಈಗ ಅಷ್ಟಕ್ಕೇ ಫೋನ್ ಇಡುವುದಿಲ್ಲ. ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ.

"ಅತ್ತಿ, ಇದನ್ನ ಟಿವಿ ಮುಂದ ಕುಂತು ಹೇಳಾಕ ಹತ್ತೀರೋ, ಒಲಿ ಮುಂದ ನಿಂತೋ?"